ನೆಸ್ಟರ್ ಕಚ್ಚದೆ ಬಿಟ್ಟ ಕಾಳು

ಶವಪೆಟ್ಟಿಗೆ ಹಿಡಿದವರು ಸ್ಮಶಾನದ ಗೇಟು ದಾಟುತ್ತಿದ್ದಂತೆ ವಾಲ್ಟರನ ಎಡಗಾಲಿನ ಬೂಟು ಕೆಸರಿನಲ್ಲಿ ಸಿಕ್ಕಿಕೊಂಡಿತು. ಅವನು ಎಳೆದ. ಕಾಲು ಬಂತು, ಬೂಟು ಬರಲಿಲ್ಲ. ಪೆಟ್ಟಿಗೆ ಒಂದು ಕಡೆಗೆ ವಾಲಿ, ಮೇಲಿಟ್ಟಿದ್ದ ಹೂವಿನ ಗೊಂಚಲು ಜಾರಿತು. ಹಿಂದೆ ಬರುತ್ತಿದ್ದ ಪರಾಸ್ಕ ಅದು ಬೀಳುವ ಮೊದಲೇ ಕೈಯೊಡ್ಡಿ ಹಿಡಿದಳು.

"ಬೂಟು ಆಮೇಲೆ ನೋಡ್ಕೊಳ್ಳೋಣ, ನಡಿ," ಎಂದ ವಾಲ್ಟರನ ಹಿಂದಿದ್ದ ಬೋರಿಸ್, ತಗ್ಗಿದ ದನಿಯಲ್ಲಿ. "ಹೋದ ವಾರ ನಿನ್ನ ಕೊಯ್ಲಿನ ಕಂಬೈನೇ ಹೂತುಹೋಗಿತ್ತು, ಬೂಟೇನು ಮಹಾ."

"ನೆಸ್ಟರಣ್ಣ ಕಾಲು ಹಿಡ್ಕೊಂಡಿದಾನೆ. ಇವತ್ತು ಬೇಡ, ನಾಳೆ ಹೂಳಿ ಅಂತ."

"ಬಾಯಿ ಮುಚ್ಚೋ, ಅವರಕ್ಕ ಹಿಂದೇನೇ ಬರ್ತಿದಾರೆ."

ಅಕ್ಕ ಅಲ್ಲ, ತಂಗಿ. ಊರಿನವರು ಮೊದಲಿನಿಂದಲೂ ಹಾಗೇ ತಪ್ಪು ತಿಳಿದಿದ್ದರು. ಪರಾಸ್ಕಳಿಗೆ ಬೇಸರವಾಗಲಿಲ್ಲ. ವಾಲ್ಟರ್ ಬರೀ ಕಾಲುಚೀಲದಲ್ಲಿ ಪಚಪಚ ಎನ್ನುತ್ತ ನಡೆಯುತ್ತಿದ್ದ. ಹಿಮ್ಮಡಿಯಲ್ಲಿ ಒಂದು ತೂತು. ಅವಳಿಗೆ ನಗು ಬಂದು, ಅಣ್ಣ ಇದನ್ನು ನೋಡಿದನೋ ಇಲ್ಲವೋ ಎಂದು ಎಡಕ್ಕೆ ತಿರುಗಿದಳು. ಅಲ್ಲಿ ಬೇಲಿ, ಬೇಲಿಯಾಚೆ ಅವನದೇ ಗೋಧಿ ಹೊಲ. ಗೊಂಚಲನ್ನು ಎದೆಗೊತ್ತಿಕೊಂಡು ಮುಂದೆ ನಡೆದಳು.

ಗುಂಡಿಯ ನೀರನ್ನು ಬೆಳಿಗ್ಗೆಯೇ ಪಂಪು ಹಚ್ಚಿ ತೆಗೆದಿದ್ದರು. ಮತ್ತೆ ಒಂದಿಷ್ಟು ಒಸರಿ ನಿಂತಿತ್ತು. ಈ ವರ್ಷ ಎಲ್ಲಿ ತೋಡಿದರೂ ನೀರೇ. ಬಿತ್ತನೆಯ ಹೊತ್ತಿಗೆ ಹಿಡಿದ ಮಳೆ ಬೇಸಿಗೆಯಿಡೀ ಬಿಟ್ಟಿರಲಿಲ್ಲ. ಹೊಲದ ತಗ್ಗಿನಲ್ಲೆಲ್ಲ ಹೊಂಡಗಳಾಗಿ, ಬಾತುಕೋಳಿಗಳು ಗೋಧಿಯ ನಡುವೆಯೇ ಮರಿ ಮಾಡಿದ್ದವು. ಬೆಳೆ ಎದೆಯೆತ್ತರ ಬಂದು, ತೆನೆಯ ಭಾರಕ್ಕೆ ಮಲಗಿತು. ರೇಡಿಯೊದಲ್ಲಿ ಬೆಳೆಯ ಸುದ್ದಿ ಹೇಳುವ ಹುಡುಗಿ ವಾರವಾರವೂ ಅದನ್ನೇ ಹೇಳುತ್ತಿದ್ದಳು: ಕೊಯ್ಲು ಹಿಂದೆ ಬಿದ್ದಿದೆ, ಕೆಲವು ಕಡೆ ತೆನೆಯಲ್ಲೇ ಮೊಳಕೆ ಕಂಡಿದೆ, ರೈತರು ಒಣ ಹವೆಗಾಗಿ ಕಾಯುತ್ತಿದ್ದಾರೆ.

ಆ ಒಣ ಹವೆ ಈ ದಿನ ಬಂದಿತ್ತು. ಪಡುವಣ ಗಾಳಿ ಪಾದ್ರಿ ಮಿರೋನರ ನಿಲುವಂಗಿಯನ್ನು ಎತ್ತಿ ಎತ್ತಿ ಹಾಕುತ್ತಿತ್ತು. "ನೆನಪು ನಿತ್ಯವಾಗಿರಲಿ" ಎಂದು ಎಲ್ಲರೂ ಮೂರು ಸಲ ಹಾಡಿದರು. ಹಾಡುತ್ತಲೇ ಗಂಡಸರು ಒಬ್ಬರಾದ ಮೇಲೊಬ್ಬರು ಮುಖವೆತ್ತಿ ಆಕಾಶ ನೋಡಿದರು. ಪಾದ್ರಿಯೂ ನೋಡಿದರು. ಅವರದೂ ಊರಾಚೆ ಒಂದು ತುಂಡು ಬಾರ್ಲಿ ಇತ್ತು.

ಪರಾಸ್ಕ ಮೊದಲ ಹಿಡಿ ಮಣ್ಣು ಹಾಕಿದಳು. ಅದು ಮಣ್ಣಲ್ಲ, ಕಲಸಿದ ಹಿಟ್ಟಿನಂಥ ಕೆಸರು. ಕೈ ಬಿಟ್ಟು ಹೋಗಲಿಲ್ಲ. ಕೊಡವಬೇಕಾಯಿತು.

*

ಹಿಂದೆ, ನೆಸ್ಟರ್ ಹೆಣ್ಣು ಕೇಳಲು ಹೊರಟಿದ್ದ ವರ್ಷವೂ ಹೀಗೇ ಮಳೆ. ನೆಸ್ಟರನಿಗೆ ಆಗ ಮೀಸೆ ದಟ್ಟವಾಗುತ್ತಿತ್ತು. ಪರಾಸ್ಕ ಇನ್ನೂ ಎರಡು ಜಡೆ ಹಾಕಿಕೊಳ್ಳುತ್ತಿದ್ದಳು. ಅಪ್ಪ ಹಾಸಿಗೆ ಹಿಡಿದಿದ್ದರು. ಹೊಲ ನೆಸ್ಟರನ ಕೈಗೆ ಬಂದಿತ್ತು.

ಹೆಣ್ಣು ಕೇಳಲು ಹೋಗುವುದು ಕೊಯ್ಲು ಮುಗಿದ ಮೇಲೆ. ಇಬ್ಬರು ಹಿರಿಯರು ಬ್ರೆಡ್ ಹಿಡಿದುಕೊಂಡು ಹುಡುಗಿಯ ಮನೆಗೆ ಹೋಗುತ್ತಾರೆ. ಒಪ್ಪಿದರೆ ಅವರೂ ಬ್ರೆಡ್ ಕೊಡುತ್ತಾರೆ, ಒಪ್ಪದಿದ್ದರೆ ಹುಡುಗನ ಕೈಗೆ ಕುಂಬಳಕಾಯಿ ಕೊಟ್ಟು ಕಳಿಸುತ್ತಾರೆ. ನೆಸ್ಟರ್ ಕೇಳಬೇಕೆಂದಿದ್ದದ್ದು ಕಾಲುವೆಯಾಚೆಯ ಹಾಲ್ಯಳನ್ನು. ಕುಂಬಳಕಾಯಿಯ ಹೆದರಿಕೆ ಇರಲಿಲ್ಲ. ಭಾನುವಾರ ಚರ್ಚಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಇರಲು ಪಡುತ್ತಿದ್ದ ಪಾಡನ್ನು ಇಡೀ ಊರೇ ನೋಡುತ್ತಿತ್ತು.

ಪರಾಸ್ಕ ಮೂರೆಳೆ ಹೆಣೆದ ಬ್ರೆಡ್ ಬೇಯಿಸಿಟ್ಟಳು. ಅತ್ತಿಗೆ ಮನೆಗೆ ಬಂದರೆ ಒಲೆ ಅವಳಿಗೆ ಬಿಟ್ಟು ತಾನು ನಗರಕ್ಕೆ ಹೋಗಿ ಹೊಲಿಗೆ ಕಲಿಯುವುದೆಂದು ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟಿಟ್ಟಿದ್ದಳು.

ನೆಸ್ಟರ್ ದಿನವೂ ಹೊಲಕ್ಕೆ ಹೋಗುತ್ತಿದ್ದ. ತೆನೆ ಕಿತ್ತು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಒಂದು ಕಾಳನ್ನು ಮುಂಭಾಗದ ಹಲ್ಲಿಗೆ ಕೊಟ್ಟು ಕಚ್ಚುತ್ತಿದ್ದ. ಒಣಗಿದ್ದರೆ ಟಕ್ಕೆಂದು ಒಡೆಯುತ್ತದೆ. ತೇವವಿದ್ದರೆ ಚಪ್ಪಟೆಯಾಗುತ್ತದೆ. ಒಳಗೆ ಬಂದು ಟೋಪಿ ತೆಗೆದಿಡುತ್ತಿದ್ದ.

"ಏನಣ್ಣ?"

"ನಾಳೆ."

ಹೆಣೆದ ಬ್ರೆಡ್ ಒಣಗಿ ಕಲ್ಲಾಗಿ ಹಂದಿಗಳ ಪಾಲಾಯಿತು. ಇವನು ನಾಳೆ ನಾಳೆ ಎನ್ನುತ್ತಿದ್ದಾಗಲೇ ಒಂದು ಬೆಳಿಗ್ಗೆ ಗೋಧಿಯ ಮೇಲೆ ಹಿಮ ಬಿದ್ದಿತ್ತು. ಬೆಳೆ ಚಳಿಗಾಲವಿಡೀ ಹಿಮದಡಿ ಮಲಗಿತು. ನೆಲ ಗಟ್ಟಿಯಾದ ಮೇಲೆ ನಗರದಿಂದ ಓರೆಸ್ಟ್ ಎಂಬವನು ಕಾರಿನಲ್ಲಿ ಹಾಲ್ಯಳ ಮನೆಗೆ ಬಂದ. ಅವನದು ಟ್ರ್ಯಾಕ್ಟರ್ ಮಾರುವ ಅಂಗಡಿ, ಅವನ ಕೊಯ್ಲು ವರ್ಷವಿಡೀ ಮುಗಿದೇ ಇರುತ್ತಿತ್ತು.

ಹಿಮ ಕರಗಿ, ಮೇ ತಿಂಗಳಲ್ಲಿ ಹಳೆಯ ಬೆಳೆಯನ್ನು ಹೇಗೋ ಕೊಯ್ದು ಮುಗಿಸಿ, ನೆಸ್ಟರ್ ಇಬ್ಬರು ಹಿರಿಯರನ್ನು ಕರೆದುಕೊಂಡು ಹೊರಟ. ಹಾಲ್ಯಳಿಗೆ ಓರೆಸ್ಟನ ಜೊತೆ ಮದುವೆ ಗೊತ್ತಾಗಿದೆ ಎಂದು ಎಲ್ಲರೂ ಹೇಳಿದರು. ಕೊಯ್ಲಾದ ಮೇಲೆ ಬರುತ್ತೇನೆಂದು ಮಾತು ಕೊಟ್ಟಿದ್ದೇನೆ ಎಂದ ಅವನು. ಅವಳಪ್ಪ ಬಾಗಿಲಲ್ಲಿ ನಿಂತು ಬ್ರೆಡ್ಡನ್ನು ನೋಡಿದರು, ನೆಸ್ಟರನನ್ನು ನೋಡಿದರು.

"ಏನು ಮಾಡ್ಲಪ್ಪ," ಎಂದರು. "ಮೇ ತಿಂಗಳಲ್ಲಿ ಕುಂಬಳಕಾಯಿ ಎಲ್ಲಿಂದ ತರ್ಲಿ?"

ಅವನು ಬ್ರೆಡ್ ವಾಪಸು ತಂದ. ಅಣ್ಣ ತಂಗಿ ಇಬ್ಬರೂ ವಾರವಿಡೀ ಅದನ್ನೇ ತಿಂದರು.

*

ಚರ್ಚಿನ ಪಕ್ಕದ ಸಭಾಂಗಣದಲ್ಲಿ ಊಟಕ್ಕೆ ಕುಳಿತಿದ್ದರು. ಮೊದಲು ಜೇನು ಹಾಕಿ ಬೇಯಿಸಿದ ಗೋಧಿ, ಒಬ್ಬೊಬ್ಬರಿಗೆ ಒಂದೊಂದು ಚಮಚ. ಆಮೇಲೆ ಬೀಟ್‌ರೂಟಿನ ಸಾರು, ಎಲೆಕೋಸಿನ ಸುರುಳಿ. ಪರಾಸ್ಕಳ ಪಕ್ಕದ ಕುರ್ಚಿ ಖಾಲಿ. ಅದರ ಮುಂದೆ ಸತ್ತವನ ತಟ್ಟೆ, ಒಂದು ಲೋಟ ನೀರು, ನೀರಿನ ಮೇಲೆ ಒಂದು ಚೂರು ಬ್ರೆಡ್.

ಬಡಿಸುತ್ತಿದ್ದವಳು ಹಾಲ್ಯ. ಗಂಡ ಓರೆಸ್ಟ್ ತೀರಿಹೋದ ಮೇಲೆ ಅವಳು ನಗರ ಬಿಟ್ಟು ತಮ್ಮನ ಮನೆಗೆ ಬಂದಿದ್ದಳು. ಬೆನ್ನು ಸ್ವಲ್ಪ ಬಾಗಿತ್ತು.

"ತಿನ್ನೇ, ಪರಾಸ್ಕ. ನೋಡ್ತಾ ಕೂತ್ರೆ ಹೊಟ್ಟೆ ತುಂಬಲ್ಲ."

"ತಿಂತೀನಿ. ಗೋಧಿ ಯಾವುದು ಬೇಯಿಸಿದ್ದು?"

"ಹೋದ ವರ್ಷದ್ದು. ಈ ವರ್ಷದ್ದು ಬೇಯಿಸಿದ್ರೆ ಅಂಟಾಗುತ್ತೆ. ನಿಮ್ಮಣ್ಣ ಅಂಟು ತಿಂದು ಮೇಲೆ ಹೋಗೋದು ಬೇಡ."

ವಾಲ್ಟರ್ ಬಂದು ಎದುರಿಗೆ ನಿಂತ. ಬಲಗಾಲಿಗೆ ತನ್ನ ಕರಿ ಬೂಟು, ಎಡಗಾಲಿಗೆ ಬೋರಿಸನ ಹಸಿರು ರಬ್ಬರ್ ಬೂಟು.

"ಪರಾಸ್ಕಕ್ಕ, ಒಂದು ಮಾತು. ತಪ್ಪು ತಿಳೀಬೇಡಿ."

"ಬೂಟು ಬೇಕಾ? ಅಣ್ಣಂದು ಮನೇಲಿದೆ."

"ಬೂಟಲ್ಲ. ಈ ಗಾಳಿ." ಅವನು ಕಿಟಕಿಯತ್ತ ತಲೆ ತಿರುಗಿಸಿದ. "ರಾತ್ರಿಗೆ ಮತ್ತೆ ಮಳೆಯಂತೆ. ಬಂದ್ರೆ ವಾರ ಬಿಡಲ್ವಂತೆ. ನೀವು ಹ್ಞೂಂ ಅಂದ್ರೆ ನಾನು, ಬೋರಿಸು, ಅವನ ಭಾವಮೈದ, ಮೂರು ಕಂಬೈನೂ ಈಗ್ಲೇ ನಿಮ್ಮ ಹೊಲಕ್ಕೆ ಇಳಿಸ್ತೀವಿ. ನಮ್ಮದು ಆಮೇಲೆ."

"ನಮ್ಮದು ಹೇಗೂ ಮೊಳೆತು ದನದ ಮೇವೇ ಆಗಿದೆ," ಎಂದ ಬೋರಿಸ್, ಬಾಯಿ ತುಂಬ ಕೋಸು ಇಟ್ಟುಕೊಂಡು. "ಈ ಸಲ ದನಗಳು ಕೇಕು ತಿಂತವೆ."

ಎಲ್ಲರೂ ತಿನ್ನುವಂತೆ ಮಾಡುತ್ತ ಕಿವಿ ಇಲ್ಲಿಟ್ಟಿದ್ದರು. ಪರಾಸ್ಕ ಚಮಚ ಕೆಳಗಿಟ್ಟಳು.

"ಮಣ್ಣು ಮಾಡಿದ ದಿನ ಮನೆಯವರು ಕೆಲಸಕ್ಕೆ ಕೈ ಹಾಕ್ಬಾರದು. ಅಲ್ವಾ ಫಾದರ್?"

ಪಾದ್ರಿ ಮಿರೋನ್ ತುಟಿ ಒರೆಸಿಕೊಂಡರು. "ನಮ್ಮಜ್ಜಿ ಹಾಗೇ ಹೇಳ್ತಿದ್ರು. ನನ್ನ ಪುಸ್ತಕದಲ್ಲಿ ಎಲ್ಲೂ ಸಿಕ್ಕಿಲ್ಲ. ನೀವು ಹೇಗೆ ಹೇಳಿದ್ರೆ ಹಾಗಮ್ಮ."

ನೀವು ಹೇಗೆ ಹೇಳಿದರೆ ಹಾಗೆ. ಅಷ್ಟು ವರ್ಷಗಳಲ್ಲಿ ಹೊಲದ ಮಾತನ್ನು ಅವಳು ಒಮ್ಮೆಯೂ ಹೇಳಿರಲಿಲ್ಲ. ಅಣ್ಣ ನಾಳೆ ಎಂದರೆ ಅವಳು ಲಾರಿಯ ಕೀಲಿಯನ್ನು ಮೊಳೆಗೆ ತೂಗುಹಾಕುತ್ತಿದ್ದಳು. ಹೊರಡೋಣ ಎಂದರೆ ಕೀಲಿ ತೆಗೆದುಕೊಳ್ಳುತ್ತಿದ್ದಳು. ಈ ಮಳೆ ಬಂದರೆ ಅಣ್ಣ ಬಿತ್ತಿದ ಕೊನೆಯ ಗೋಧಿ ನಿಂತಲ್ಲೇ ಮೊಳೆತು ಹೋಗುತ್ತದೆ. ಕೊಯ್ಯಿರಿ ಎಂದರೆ, ಅವನ ಮೇಲಿನ ಮಣ್ಣು ಆರುವ ಮೊದಲೇ ಅವನ ಮಾತನ್ನು ದಾಟಿದಂತಾಗುತ್ತದೆ.

"ಕಚ್ಚಿ ನೋಡ್ಬೇಕಲ್ಲ," ಎಂದಳು ಕೊನೆಗೆ. "ನಂದು ಕಟ್ಟಿಸಿದ ಹಲ್ಲು."

"ನಂದು ತೇವ ನೋಡೋ ಯಂತ್ರ ಇದೆ."

"ಏನು ಹೇಳುತ್ತೆ?"

"ಒಂದೊಂದು ಸಲ ಒಂದೊಂದು ಹೇಳುತ್ತೆ," ಎಂದ ವಾಲ್ಟರ್. "ನಿಮ್ಮಣ್ಣನ ಹಲ್ಲಿನ ಹಾಗೇ."

ಯಾರೋ ನಕ್ಕು, ನಗುವನ್ನು ಕೆಮ್ಮು ಮಾಡಿಕೊಂಡರು. ಹಾಲ್ಯ ಸಾರಿನ ಸೌಟನ್ನು ಪಾತ್ರೆಗೆ ಬಿಟ್ಟು ಕೈ ಒರೆಸಿಕೊಂಡಳು.

"ನನ್ನ ಹಲ್ಲು ನಂದೇ," ಎಂದಳು. "ಬಾರೇ."

*

ನೆಸ್ಟರ್ ತೀರಿಹೋದ ಬೆಳಿಗ್ಗೆ ಮಂಜು ಕವಿದಿತ್ತು. ಕಾಫಿಯನ್ನು ಅರ್ಧ ಕುಡಿದು ಲೋಟದ ಮೇಲೆ ತಟ್ಟೆ ಮುಚ್ಚಿಟ್ಟ.

"ಇಷ್ಟು ಮಂಜಲ್ಲಿ ಏನು ಕಚ್ತೀಯ?" ಎಂದಳು ಪರಾಸ್ಕ.

"ನೋಡ್ಕೊಂಡು ಬರ್ತೀನಿ."

"ನೋಡೋದೇನು, ನಾಳೆ ಅಂತೀಯ."

ಅವನು ಟೋಪಿ ಹಾಕಿಕೊಳ್ಳುತ್ತ ಬಾಗಿಲಲ್ಲಿ ನಿಂತ. ನಗುವುದು ಅವನಿಗೆ ನಿಧಾನ, ತುಟಿಯ ಒಂದು ಮೂಲೆಯಿಂದ ಶುರುವಾಗಬೇಕು. ಶುರುವಾಗುವ ಮೊದಲೇ ತಿರುಗಿ ಹೊರಟ.

ಮಂಜು ಎದ್ದ ಮೇಲೂ ಕಾಫಿ ಹಾಗೇ ಇತ್ತು. ಬೇಲಿ ನೋಡಲು ಬಂದಿದ್ದ ವಾಲ್ಟರ್ ಅವನನ್ನು ಗೋಧಿಯ ನಡುವೆ ಕಂಡ. ಮಲಗಿದ ಬೆಳೆಯ ಮೇಲೆ ಇನ್ನೊಂದು ಮಲಗಿದ ಬೆಳೆಯಂತೆ, ಒಂದು ಕೈ ಚಾಚಿಕೊಂಡು. ಬಾಯಲ್ಲಿ ಒಂದು ಕಾಳಿತ್ತು.

"ಕಚ್ಚಿದ್ನಾ?" ಎಂದು ಕೇಳಿದ್ದಳು ಪರಾಸ್ಕ. ಅಂಥ ಹೊತ್ತಿನಲ್ಲಿ ಬಾಯಿಗೆ ಬಂದ ಮಾತು ಅದೊಂದೇ.

"ಇಲ್ಲಕ್ಕ. ಇಡೀ ಕಾಳು."

*

ಇಬ್ಬರು ಹೆಂಗಸರು ಸ್ಮಶಾನದ ಬೇಲಿಯ ಹತ್ತಿರ ನಿಂತರು. ಒಂದು ಕಡೆ ಹೊಸ ದಿಬ್ಬ, ಇನ್ನೊಂದು ಕಡೆ ಹೊಲ. ಗಂಡಸರು ಸಭಾಂಗಣದ ಮೆಟ್ಟಿಲ ಮೇಲೆ ಗುಂಪಾಗಿ ಕಾಯುತ್ತಿದ್ದರು. ಹಾಲ್ಯ ತೆನೆ ಕಿತ್ತು ಅಂಗೈಯಲ್ಲಿ ತಿಕ್ಕಿದಳು. ಊದಿದಳು. ಹೊಟ್ಟು ಗಾಳಿಗೆ ಹಾರಿ ದಿಬ್ಬದ ಕಡೆ ಹೋಯಿತು. ಅವಳ ಕೈ ಎಲ್ಲವನ್ನೂ ಸರಿಯಾಗಿ ಅವನಂತೆಯೇ ಮಾಡಿದ್ದನ್ನು ಪರಾಸ್ಕ ನೋಡಿದಳು. ಯಾವಾಗ, ಎಲ್ಲಿ ನಿಂತು ಕಲಿತಿದ್ದಳೆಂದು ಕೇಳಲಿಲ್ಲ.

ಹಾಲ್ಯ ಕಾಳನ್ನು ಮುಂದಿನ ಹಲ್ಲಿಗೆ ಕೊಟ್ಟು ಕಚ್ಚಿದಳು. ಟಕ್ಕೆನ್ನಲಿಲ್ಲ. ಇನ್ನೊಂದು ಕಚ್ಚಿದಳು.

"ಒಂಚೂರು ಮೆತ್ತಗಿದೆ ಕಣೆ," ಎಂದಳು. "ತೀರಾ ಅಲ್ಲ. ಒಂಚೂರು."

"ಅವನಾಗಿದ್ರೆ ಏನಂತಿದ್ದ?"

ಹಾಲ್ಯ ಅಂಗೈಯಲ್ಲುಳಿದ ಕಾಳನ್ನು ಹೊಲಕ್ಕೆ ಚೆಲ್ಲಿದಳು. ಗಾಳಿಗೆ ತಲೆವಸ್ತ್ರದಿಂದ ಬಿಳಿ ಕೂದಲು ಹೊರಬಿದ್ದು ಅವಳ ಬಾಯಿಗೆ ಬರುತ್ತಿತ್ತು.

"ನಿಂಗೂ ಗೊತ್ತು. ನಂಗೂ ಗೊತ್ತು."

ಪರಾಸ್ಕ ಆಕಾಶ ನೋಡಿದಳು. ಪಡುವಣದ ಅಂಚಿನಲ್ಲಿ ಮಸಿಯಂಥ ಒಂದು ಗೆರೆ ಆಗಲೇ ಮೂಡಿತ್ತು. ಮೆಟ್ಟಿಲ ಕಡೆ ತಿರುಗಿದಳು. ಕೂಗಿ ಅಭ್ಯಾಸವಿಲ್ಲದ ದನಿ ಮೊದಲ ಸಲ ಹೊರಡಲಿಲ್ಲ.

"ವಾಲ್ಟರ್," ಎಂದಳು ಮತ್ತೆ. "ಇವತ್ತೇ. ಕಣಜಕ್ಕೆ ಫ್ಯಾನು ಹಾಕಿದ್ರೆ ಒಣಗುತ್ತೆ."

ಸಭಾಂಗಣ ಖಾಲಿಯಾಯಿತು. ಕೋಟುಗಳನ್ನು ಕುರ್ಚಿಯ ಮೇಲೆ ಬಿಟ್ಟು, ಟೈಗಳನ್ನು ಜೇಬಿಗೆ ತುರುಕಿಕೊಂಡು ಗಂಡಸರು ಓಡಿದರು. ಹಾಲ್ಯ ತಟ್ಟೆಗಳನ್ನು ತೊಳೆಯಲು ಹೋದಳು. ನೆಸ್ಟರನ ತಟ್ಟೆಯನ್ನು ಮಾತ್ರ ಹಾಗೇ ಬಿಟ್ಟಳು. ಪರಾಸ್ಕ ಮನೆಗೆ ಹೋಗಿ, ಕಪ್ಪು ಲಂಗದ ಮೇಲೆಯೇ ಅಣ್ಣನ ಹಳೇ ಜಾಕೆಟ್ ಹಾಕಿಕೊಂಡು ಮೊಳೆಯಿಂದ ಕೀಲಿ ತೆಗೆದಳು.

ಮೂರು ಕಂಬೈನುಗಳು ಒಂದರ ಹಿಂದೊಂದು ಹೊಲ ಸುತ್ತಿದವು. ಒಮ್ಮೆ ಬೋರಿಸನದು ತಗ್ಗಿನಲ್ಲಿ ಹೂತು, ಭಾವಮೈದನದು ಸರಪಳಿ ಕಟ್ಟಿ ಎಳೆಯಿತು. ಪರಾಸ್ಕ ಲಾರಿ ತುಂಬಿಸಿಕೊಂಡು ಮನೆಗೆ, ಮನೆಯಿಂದ ಹೊಲಕ್ಕೆ ಓಡಿಸುತ್ತಲೇ ಇದ್ದಳು. ಕಣಜದ ಫ್ಯಾನು ಗೂಂ ಎನ್ನತೊಡಗಿತ್ತು. ಮಳೆಯ ವರ್ಷಗಳಲ್ಲಿ ಆ ಸದ್ದು ವಾರಗಟ್ಟಲೆ ಮನೆಯನ್ನು ತುಂಬಿರುತ್ತಿತ್ತು. ಅದರ ನಡುವೆ ಅಣ್ಣ ತಂಗಿ ಊಟದ ಮೇಜಿನಲ್ಲಿ ಮಾತಾಡದೆ ಕೂತರೂ ಮಾತಾಡಿದಂತೆಯೇ ಇರುತ್ತಿತ್ತು. ಪ್ರತಿ ಸಲ ಹೊಲಕ್ಕೆ ಮರಳುವಾಗಲೂ ಅವಳ ಕೈ ಪಕ್ಕದ ಸೀಟಿನ ಮೇಲೆ ಅವನ ಕಾಫಿಯ ಫ್ಲಾಸ್ಕಿಗಾಗಿ ತಡವುತ್ತಿತ್ತು. ಈ ದಿನ ಅವಳು ಅದನ್ನು ತುಂಬಿರಲಿಲ್ಲ.

ಬೆಳಕು ಇಳಿಯುವ ಹೊತ್ತಿಗೆ ವಾಲ್ಟರನ ಕಂಬೈನ್ ಹೊಲದ ನಡುವೆ ಬಂದು ನಿಧಾನವಾಯಿತು. ಮುಂಭಾಗದ ಕೊಯ್ಯುವ ಅಲಗು ಮೇಲಕ್ಕೆದ್ದಿತು. ಯಂತ್ರ ಏನನ್ನೋ ಬಳಸಿಕೊಂಡು, ಅರ್ಧ ಸುತ್ತು ಹಾಕಿ, ಆ ಕಡೆ ಮತ್ತೆ ಅಲಗು ಇಳಿಸಿ ಮುಂದೆ ಹೋಯಿತು. ಹಿಂದೆ ಬಂದ ಬೋರಿಸನೂ ಹಾಗೇ ಮಾಡಿದ. ಭಾವಮೈದನೂ.

ಕೊನೆಯ ಲಾರಿ ತುಂಬಿ, ಕಂಬೈನುಗಳು ದೀಪ ಹಾಕಿಕೊಂಡು ತಮ್ಮ ತಮ್ಮ ಹೊಲಗಳ ಕಡೆ ತಿರುಗಿದ ಮೇಲೆ ಪರಾಸ್ಕ ಲಾರಿ ನಿಲ್ಲಿಸಿ ಇಳಿದಳು. ಬೋಳು ಹೊಲದ ನಡುವೆ ಒಂದು ತುಂಡು ಗೋಧಿ ಉಳಿದಿತ್ತು. ಒಳಗೆ ಬೆಳೆ ನೆಲಕ್ಕೆ ಒತ್ತಿಕೊಂಡಿತ್ತು. ಮಳೆ ಮಲಗಿಸಿದ ಹಾಗಲ್ಲ, ಒಬ್ಬ ಮನುಷ್ಯನ ಉದ್ದಕ್ಕೆ, ಒಂದು ಬದಿಯಲ್ಲಿ ಚಾಚಿದ ಕೈಯಷ್ಟು ಅಗಲಕ್ಕೆ.

ಅವಳು ಅಂಚಿನಿಂದ ಒಂದು ತೆನೆ ಕಿತ್ತು, ಅಂಗೈಯಲ್ಲಿ ತಿಕ್ಕಿ, ಊದಿದಳು. ಒಂದು ಕಾಳನ್ನು ಬಾಯಿಗೆ ಹಾಕಿಕೊಂಡಳು. ಹಲ್ಲಿನ ಕಡೆ ತರಲಿಲ್ಲ. ನಾಲಿಗೆಯ ಕೆಳಗಿಟ್ಟುಕೊಂಡು, ಅದು ಮೆತ್ತಗಾಗುವ ತನಕ ನಿಂತಳು. ದೂರದಲ್ಲಿ ಕಣಜದ ಫ್ಯಾನು ಗೂಂ ಎನ್ನುತ್ತಿತ್ತು. ಮಲಗಿದ ತೆನೆಗಳ ಮೇಲೆ ಮೊದಲ ಹನಿ ಬಿತ್ತು, ಆಮೇಲೆ ಅವಳ ಕೈಯ ಮೇಲೆ.