ವೈನ್ ಕಲರಿನ ಸೀರೆ

ಮೂರು ವರ್ಷದಿಂದ ಚಂದ್ರಭಾಗಾ ಮುದುಕಿ ಮಗ ಬಸವರಾಜನ ದುಡಿಮೆಯ ಒಂದು ತುತ್ತೂ ಮುಟ್ಟಿರಲಿಲ್ಲ. ಮಾಲಗಾಂವದಲ್ಲಿ ಮನೆ ಒಂದೇ, ಒಲೆ ಮಾತ್ರ ಬೇರೆ. ತನ್ನ ಎಮ್ಮೆಗಳ ಹಾಲು ಮಾರಿ ತನ್ನ ರೊಟ್ಟಿ ತಾನು ಬಡಿದು ತಿನ್ನುತ್ತಿದ್ದಳು. ಲಿಂಗಪೂಜೆಯಾಗದೆ ನೀರು ಕುಡಿಯದವಳ ಹಟ ಅದು, ಸಾಮಾನ್ಯವೇ?

ಜಗಳವೆಲ್ಲ ದ್ರಾಕ್ಷಿ ತೋಟದ್ದು. ಹೊಸ ಬಳ್ಳಿ ನೆಡುವಾಗ ಬಸವರಾಜ, "ಒಣದ್ರಾಕ್ಷಿ ಮಾಡಾಕ ಅವ್ವಾ" ಎಂದಿದ್ದ. ಅವಳು ನಂಬಿ, ಮೊದಲ ಬಳ್ಳಿಗೆ ಅರಿಷಿಣ ಕುಂಕುಮ ಹಚ್ಚಿ ಕೈಮುಗಿದಿದ್ದಳು. ಕೊಯ್ಲಿನ ದಿನ ಬಂದು ನಿಂತದ್ದು ವೈನ್ ಕಂಪನಿಯ ಲಾರಿ. ಅಂದೇ ಅವಳು ಒಲೆ ಬೇರೆ ಹೂಡಿದಳು. ಇದು ದಾರು ಅಲ್ಲ, ಬರೀ ಹಣ್ಣಿನ ರಸ ಎಂದು ಬಸವರಾಜ ವಾದಿಸಿದ, ಕಾಲಿಗೂ ಬಿದ್ದ. ಮುದುಕಿ ಜಪ್ಪಯ್ಯ ಎಂದರೂ ಬಗ್ಗಲಿಲ್ಲ.

ಈಗ ಅವನ ಮಗಳು ಹರ್ಷದಾಳ ಮದುವೆ. ಬಸ್ತಾ ಕಟ್ಟಿಸಲು, ಅಂದರೆ ಮದುವೆಯ ಜವಳಿ ತರಲು, ಮನೆಮಂದಿಯೆಲ್ಲ ಸಾಂಗಲಿಯ ಪೇಟೆಗೆ ಬಂದರು. ಮೊಮ್ಮಗಳ ಒತ್ತಾಯಕ್ಕೆ ಬಂದ ಮುದುಕಿ ಅಂಗಡಿಯ ಗಾದಿಯ ಮೇಲೆ, ಇದಕ್ಕೂ ತನಗೂ ಸಂಬಂಧವೇ ಇಲ್ಲ ಎನ್ನುವಂತೆ ಕೂತಳು.

"ಅವ್ವಗ ಒಂದ ಮಾನದ ಸೀರಿ ತೋರಸ್ರಿ," ಎಂದ ಬಸವರಾಜ, ಹೆದರುತ್ತಲೇ. ಮದುವೆಯಲ್ಲಿ ಹಿರಿಯರಿಗೆ ಗೌರವಕ್ಕೆಂದು ಕೊಡುವ ಸೀರೆ ಅದು.

ಅಂಗಡಿಯವನು, ಭೂಷಣ ಎಂದು ಹೆಸರು, ಹಸಿರು, ನೀಲಿ, ಬೂದಿ ಬಣ್ಣದವನ್ನೆಲ್ಲ ಹರವಿದ. ಅವಳು ಕಣ್ಣೆತ್ತಿ ನೋಡಲಿಲ್ಲ. ಕೊನೆಗೆ ಕಪ್ಪಿಗೆ ತಿರುಗಿದ ಕಡುಗೆಂಪಿನದೊಂದು ಬಿಚ್ಚಿದ. ಮುದುಕಿಯ ಕೈ ತಾನಾಗಿಯೇ ಹೋಗಿ ಸೆರಗು ಸವರಿತು.  ಅವ್ವ ಈ ಸೀರೆ ಉಟ್ಟರೆ ಸಾಕು, ಮುನಿಸು ಮುರಿದಂತೆ ಎಂದುಕೊಂಡ ಬಸವರಾಜ.

"ಯಾವ ಬಣ್ಣೋ ಇದು?" ಎಂದಳು ಮಗನಿಗೆ.

ಹೆಂಡತಿ ಸುಮನ ಹಿಂದಿನಿಂದ ಚಿವುಟಿ, "ಮರೂನ್ ಅನ್ರಿ," ಎಂದು ಪಿಸುಗುಟ್ಟಿದಳು. ಅಂದುಬಿಟ್ಟರೆ ಮುಗಿದೇ ಹೋಗುತ್ತಿತ್ತು, ಯಾರಿಗೇನು ನಷ್ಟ? ಆದರೆ ಅವ್ವ ಅವನ ಮುಖವನ್ನೇ ನೋಡುತ್ತಿದ್ದಳು. ಅವಳು ಮತ್ತೊಮ್ಮೆ ತನ್ನ ಮಾತು ನಂಬಲು ಸಿದ್ಧಳಿರುವುದು ಆ ನೋಟದಲ್ಲಿ ಕಂಡು ಅವನಿಗೆ ನಾಚಿಕೆಯಾಯಿತು.

"ವೈನ್ ಕಲರ ಅಂತಾರ, ಅವ್ವಾ."

ಸುಮನ ಹಣೆ ಚಚ್ಚಿಕೊಂಡಳು. ಮುದುಕಿ ಸೀರೆಯನ್ನು ನಿಧಾನವಾಗಿ ಮಡಚಿ ಆಚೆ ಸರಿಸಿದಳು.

"ನನಗ ಬ್ಯಾಡ. ಆ ಹೆಸರಿಂದು ನಾ ಉಡಂಗಿಲ್ಲ."

ಬಸವರಾಜ ತಲೆ ತಗ್ಗಿಸಿದ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎಂದು ಸಂಕಟವಾಯಿತು.

"ಬಳ್ಳಿ ಹಚ್ಚೂ ದಿನಾನೂ ಹಿಂಗ ಖರೇ ಹೇಳಿದ್ರ ಬೈತಿದ್ದೆ, ಅಳತಿದ್ದೆ," ಎಂದಳು ಅವಳು. "ಒಲಿ ಬ್ಯಾರೆ ಮಾಡತಿರಲಿಲ್ಲ."

ಇಷ್ಟು ದಿನವೂ ಅವನು ವೈನಿನ ಪರವಾಗಿ ವಾದಿಸಿದ್ದನೇ ಹೊರತು ತನ್ನ ಸುಳ್ಳಿನ ಮಾತೆತ್ತಿರಲಿಲ್ಲ. ಮುದುಕಿ ಅವನತ್ತ ಕೈ ಚಾಚಿದಳು.

"ಎಬ್ಬಸು. ಹಸದೇನಿ. ಏನರ ತಿನಸು, ನಡಿ."

"ನನ್ನ ರೊಕ್ಕದಾಗ, ಅವ್ವಾ?"

"ಮತ್ಯಾರ ರೊಕ್ಕದಾಗೋ, ಹುಚ್ಚಾ?"