ಕೂದಲೆಳೆಯಷ್ಟು ಡೊಂಕು

ನಾನು ಒಂದು ಉಕ್ಕಿನ ಕಡ್ಡಿ. ಮೊಳದುದ್ದ, ಕಿರುಬೆರಳಿನಷ್ಟು ದಪ್ಪ. ತುದಿಯಲ್ಲಿ ದೋಣಿಯ ಹುಟ್ಟಿನಂಥ ಪುಟ್ಟ ರೆಕ್ಕೆ. ಲೇತ್ ಯಂತ್ರದ ಮೇಲೆ ಸುರುಳಿ ಸುರುಳಿಯಾಗಿ ಮೈ ಕಳಚಿಕೊಂಡು, ಕನ್ನಡಿಯಂತೆ ಹೊಳೆಯುತ್ತ ಹುಟ್ಟಿದೆ. ನನ್ನಂಥವೇ ಇನ್ನೂ ಐದು ಕಡ್ಡಿಗಳು ಜೊತೆಗೆ ಹುಟ್ಟಿದವು. ಹುಬ್ಬಳ್ಳಿಯ ಒಂದು ಮಾತ್ರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನಮ್ಮನ್ನು ಒಂದೇ ಯಂತ್ರಕ್ಕೆ ಸಾಲಾಗಿ ತೂಗುಹಾಕಿದರು. ಸಾಲಿನಲ್ಲಿ ನಾನು ನಾಲ್ಕನೆಯದು.

ನಮ್ಮ ಕೆಳಗೆ ಆರು ಗಾಜಿನ ಪಾತ್ರೆಗಳು, ಅವುಗಳಲ್ಲಿ ಮೈಬಿಸಿಯಷ್ಟೇ ಬಿಸಿಯಾದ ನೀರು, ಒಂದೊಂದರಲ್ಲಿ ಒಂದೊಂದು ಮಾತ್ರೆ. ಆ ನೀರಿನಲ್ಲಿ ತುದಿ ಮುಳುಗಿಸಿ ನಾವು ನಿಮಿಷಕ್ಕೆ ಐವತ್ತು ಸುತ್ತು ತಿರುಗಬೇಕು, ಹೆಚ್ಚಿಲ್ಲ, ಕಡಿಮೆಯಿಲ್ಲ. ಯಾವ ಮಾತ್ರೆ ಎಷ್ಟು ಹೊತ್ತಿಗೆ ಎಷ್ಟು ಕರಗಿತೆಂದು ಮಧುಮತಿ ಬರೆದುಕೊಳ್ಳುತ್ತಿದ್ದಳು. ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ಹುಡುಗಿ. ಅವಳ ಕೆಲಸ ಕಾಯಂ ಆಗಲು ಹಿರಿಯರಾದ ಹೆರಕಲ್ ಸರ್ ಸಹಿ ಹಾಕಬೇಕಿತ್ತು.

ಆ ವರ್ಷ ಖಂಡೇನವಮಿಯ ಆಯುಧಪೂಜೆಗೆ ನಮ್ಮನ್ನು ಯಂತ್ರದಿಂದ ಬಿಚ್ಚಿ ತೊಳೆದು, ಗೋಡೆಗೆ ಒರಗಿಸಿ, ಕುಂಕುಮ ಇಟ್ಟು ಚೆಂಡುಹೂವು ಏರಿಸಿದರು. ಹೆರಕಲ್ ಸರ್ ಬಗ್ಗಿ ನಮಸ್ಕರಿಸುವಾಗ ಅವರ ಶಲ್ಯ ನನಗೆ ಸಿಕ್ಕಿಕೊಂಡಿತು. ಠಣ್ಣೆಂದು ನೆಲಕ್ಕೆ ಬಿದ್ದೆ. ಅವರು ಗಾಬರಿಯಿಂದ ನನ್ನನ್ನು ಎತ್ತಿ, ಒರೆಸಿ, ಕಣ್ಣಿಗೊತ್ತಿಕೊಂಡು ಮತ್ತೆ ಒರಗಿಸಿದರು. ಬೇರೆ ಯಾರೂ ನೋಡಲಿಲ್ಲ.

ಹಬ್ಬ ಮುಗಿದು ನಮ್ಮನ್ನು ಮತ್ತೆ ಯಂತ್ರಕ್ಕೆ ಜೋಡಿಸಿದಾಗಿನಿಂದ ನನ್ನ ಪಾತ್ರೆಯ ಮಾತ್ರೆ ಉಳಿದ ಐದಕ್ಕಿಂತ ಬೇಗ ಕರಗತೊಡಗಿತು. ತಿರುಗುವಾಗ ನನ್ನ ತುದಿ ಓಲಾಡಿ ನೀರನ್ನು ಹೆಚ್ಚಾಗಿ ಕಲಕುತ್ತಿತ್ತು. ನನಗೆ ಗೊತ್ತಿತ್ತು, ಹೇಳಲು ಬಾಯಿರಲಿಲ್ಲ.

"ನಾಕನೇದರಾಗ ಅಷ್ಟ ಯಾಕ ನಿನ್ನ ಕೈ ತಪ್ಪತೈತಿ, ಮಧು?" ಎಂದು ಸರ್ ಕೇಳಿದರು. ಮೂರನೆಯ ಸಲವೂ ಹಾಗೇ ಆದಾಗ, ಇಂಥ ಕೈ ನಂಬಿ ಸಹಿ ಹಾಕುವುದು ಹೇಗೆ ಎಂದರು. ಉಳಿದವುಗಳ ಅಂಕಿಗೆ ಹೊಂದಿಸಿ ಬರೆದುಬಿಡು ಎಂದು ಜೊತೆಯವರು ಬುದ್ಧಿ ಹೇಳಿದರು. ಅವಳು ಬರೆಯಲಿಲ್ಲ. ಕೈ ಅಲ್ಲ, ಕಡ್ಡಿ ನೋಡಿಸಿರಿ ಎಂದಷ್ಟೇ ಬೇಡಿಕೊಂಡಳು. ಸರ್ ನನ್ನನ್ನು ಎತ್ತಿ ಒಂದು ಕಣ್ಣು ಮುಚ್ಚಿ ನೋಡಿದರು. ಅವರ ಕಣ್ಣಿಗೆ ನೆಟ್ಟಗೇ ಕಂಡೆ. ಆದರೂ ಅವಳ ಮುಖ ನೋಡಿ ಲೇತ್ ಕೆಲಸದ ದಾವಲಸಾಬರಿಗೆ ಹೇಳಿಕಳಿಸಿದರು.

ದಾವಲಸಾಬರು ಬಂದು ದಪ್ಪ ಗಾಜಿನ ಹಲಗೆಯ ಮೇಲೆ, ರೆಕ್ಕೆ ಅಂಚಿನಾಚೆ ಚಾಚುವಂತೆ ನನ್ನನ್ನು ಮಲಗಿಸಿದರು. ಹಿಂದೆ ದೀಪ ಇಟ್ಟು, ಲಟ್ಟಣಿಗೆಯಂತೆ ಮೆಲ್ಲಗೆ ಉರುಳಿಸಿದರು. ನನಗೂ ಗಾಜಿಗೂ ನಡುವೆ ಬೆಳಕಿನ ಒಂದು ಎಳೆ ಮೂಡಿತು, ಅಳಿಯಿತು, ಮತ್ತೆ ಮೂಡಿತು. ಮಧುಮತಿ ಬಗ್ಗಿ ನೋಡುತ್ತಿದ್ದಳು. ಇಷ್ಟು ಸಣ್ಣ ಬೆಳಕು ಇಷ್ಟು ದೊಡ್ಡ ನಿಜ ಹೇಳುವುದನ್ನು ನಾನೂ ಕಂಡಿರಲಿಲ್ಲ.

"ಕೂದಲೆಳಿಯಷ್ಟು ಡೊಂಕೈತಿ. ಇದು ಬಿದ್ದೈತಿ," ಎಂದರು ದಾವಲಸಾಬರು. "ಯಾರ ಕೈಯಾಗ?"

ತನಗೆ ಗೊತ್ತಿಲ್ಲವೆಂದು ಮಧುಮತಿ ತಲೆಯಾಡಿಸಿದಳು.

"ನನ್ನ ಶಲ್ಯಾ ಸಿಕ್ಕು ಬಿದ್ದಿತ್ರಿ, ಪೂಜಾದ ದಿನ," ಎಂದರು ಹೆರಕಲ್ ಸರ್. "ಕಣ್ಣಿಗೊತ್ತಿಕೊಂಡೆ. ಅಲ್ಲಿಗೆ ಮುಗೀತು ಅಂದ್ಕೊಂಡೆ."

"ದೇವರು ಮಾಫ್ ಮಾಡಿರತಾನ್ರಿ ಸಾಹೇಬ್ರ. ಉಕ್ಕು ಮಾಡೂದಿಲ್ಲ."

ಸರ್ ನಕ್ಕರು, ಆದರೆ ತಲೆ ಎತ್ತಲಿಲ್ಲ.

ದಾವಲಸಾಬರು ಉಬ್ಬಿದ ಜಾಗಕ್ಕೆ ಸೀಮೆಸುಣ್ಣದ ಗುರುತಿಟ್ಟು, ಎರಡು ಮರದ ತುಂಡುಗಳ ಮೇಲೆ ನನ್ನನ್ನು ಇರಿಸಿ, ಕೂಸಿನ ಬೆನ್ನು ನೀವಿದಂತೆ ಒತ್ತಿದರು. ಉರುಳಿಸಿದರು, ಮತ್ತೆ ಒತ್ತಿದರು. ಮಧ್ಯಾಹ್ನದ ಹೊತ್ತಿಗೆ ಬೆಳಕಿನ ಎಳೆ ಮಾಯವಾಯಿತು. ಆಮೇಲೆ ನನ್ನನ್ನು ಪಾತ್ರೆಯ ನಟ್ಟನಡುವೆ ಬರುವಂತೆ ಅಳೆದು ಬಿಗಿದರು. ಮಧುಮತಿ ಮಾತ್ರೆ ಹಾಕಿದಳು. ಆರು ಅಂಕಿಗಳೂ ಒಂದರ ಪಕ್ಕ ಒಂದು, ಒಡಹುಟ್ಟಿದವರಂತೆ ಬಂದವು. ಸರ್ ಕಿಸೆಯಿಂದ ಪೆನ್ನು ತೆಗೆದರು. ಸಹಿ ಹಾಕುವ ಮೊದಲು, "ತಪ್ಪು ನಂದವಾ," ಎಂದರು.

ಈಗ ನನಗೆ ವಯಸ್ಸಾಗಿದೆ. ರೆಕ್ಕೆಯ ಅಂಚು ಸವೆದಿದೆ. ಯಂತ್ರದಲ್ಲಿ ಹೊಸ ಕಡ್ಡಿಗಳು ತಿರುಗುತ್ತವೆ. ಹೆರಕಲ್ ಸರ್ ಕುರ್ಚಿಯಲ್ಲಿ ಮಧುಮತಿ ಕೂಡುತ್ತಾಳೆ. ನಾನು ಅವಳ ಕಪಾಟಿನಲ್ಲಿ ಬಿಳಿ ಬಟ್ಟೆಯ ಮೇಲೆ ಮಲಗಿದ್ದೇನೆ. ಖಂಡೇನವಮಿಗೆ ಯಾರೂ ಯಂತ್ರ ಬಿಚ್ಚುವುದಿಲ್ಲ. ಅವಳು ನನ್ನೊಬ್ಬನನ್ನೇ ಎರಡೂ ಕೈಯಲ್ಲಿ ಎತ್ತಿ ತಂದು ಮಣೆಯ ಮೇಲೆ ಅಡ್ಡಲಾಗಿ ಮಲಗಿಸುತ್ತಾಳೆ. ಯಂತ್ರದ ಆರೂ ಕಡ್ಡಿಗಳ ಕುಂಕುಮವನ್ನು ನಾನೇ ಹಚ್ಚಿಕೊಳ್ಳುತ್ತೇನೆ. ಅತ್ತ ಅವು ಯಾರ ಕೈಯೂ ತಾಗದೆ, ನೆಟ್ಟಗೆ ತೂಗುತ್ತಿರುತ್ತವೆ.