ಏಳನೇ ಪ್ರಶ್ನೆ

ಜೈಲು ಕಾಯುವವರ ಮನಸ್ಸು ಹೇಗಿರುತ್ತದೆಂದು ಅಧ್ಯಯನ ಮಾಡಲು ೨೦೦೩ರಲ್ಲಿ ಚೈತ್ರಶ್ರೀ ಎಂಬ ಹುಡುಗಿ ಮೈಸೂರಿನಿಂದ ಬಂದಾಗ, ಸಬ್‌ಜೈಲಿನ ವಾರ್ಡರ್ ದ್ಯಾವಯ್ಯನಿಗೆ ನಗು ಬಂದಿತ್ತು. ಅವನ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕೈದಿಗಳ ಊಟ, ನಿದ್ದೆ ವಿಚಾರಿಸಿದವರು ಬೇಕಾದಷ್ಟು ಜನ. ಅವನದನ್ನು ಯಾರೂ ಕೇಳಿರಲಿಲ್ಲ. ಹಿಗ್ಗಿ ಉತ್ತರ ಕೊಟ್ಟ. ಕೆಲಸದ ಅಭ್ಯಾಸ ಮನೆಗೂ ಬರುತ್ತದೆಯೇ ಎಂಬುದು ಏಳನೇ ಪ್ರಶ್ನೆ.

“ಎಲ್ಲಾದ್ರೂ ಉಂಟಾ ಮೇಡಂ! ಜೈಲನ್ನ ಗೇಟ್ನಲ್ಲೇ ಬಿಟ್ಟು ಬತ್ತೀನಿ.”

ಅವಳು ‘ಇಲ್ಲ’ ಎಂದು ಗುರುತು ಹಾಕಿಕೊಂಡಳು.

ಅಷ್ಟು ಅಕ್ಕರೆಯಿಂದ ಕೇಳಿದವಳನ್ನು ಹಾಗೇ ಕಳಿಸುವುದುಂಟೆ? ಭಾನುವಾರ ಬೆಳಗೋಡಿನ ತನ್ನ ಮನೆಗೆ ಕಡುಬು ತಿನ್ನಲು ಕರೆದ. ಗದ್ದೆಬದುವಿನ ಮೇಲೆ ನಡೆದು ಬಂದವಳ ಕಾಲೆಲ್ಲ ಕೆಸರು. ದ್ಯಾವಯ್ಯ ಹಿತ್ತಲಿನ ಬಚ್ಚಲುಮನೆ ತೋರಿಸಿದ. ಅವಳು ಒಳಗೆ ಹೋದಳು. ಅವನು ಹೊರಗಿನಿಂದ ಬಾಗಿಲೆಳೆದು, ಚಿಲಕ ಹಾಕಿ, ಎರಡು ಸಲ ಜಗ್ಗಿ ನೋಡಿ, ನೆಮ್ಮದಿಯಾಗಿ ಬಂದು ಜಗಲಿಯ ಮೇಲೆ ಕೂತ.

ಸ್ವಲ್ಪ ಹೊತ್ತಿಗೆ ಹಿತ್ತಲಿನಿಂದ ದನಿ ಬಂತು: “ಸಾರ್, ಬಾಗಿಲು ತೆಗೆಯೋಕೇ ಆಗ್ತಿಲ್ಲ!”

ದ್ಯಾವಯ್ಯ ತನ್ನ ಬಲಗೈಯನ್ನು ಬೇರೆ ಯಾರದೋ ಕೈಯೆಂಬಂತೆ ದಿಟ್ಟಿಸಿದ.

ಅಡುಗೆಮನೆಯಲ್ಲಿ ಕಡುಬು ಇಳಿಸುತ್ತಿದ್ದ ಹೆಂಡತಿ ಲಿಂಗಮ್ಮ ಕೂತಲ್ಲಿಂದಲೇ ಕೂಗಿದಳು: “ಅಲ್ಲೇ ಗೂಡಲ್ಲಿ ಗುಂಡುಕಲ್ಲು ಐತೆ ನೋಡವ್ವ, ಅದ್ರಲ್ಲಿ ಬಾಗ್ಲಿಗೆ ಜೋರಾಗಿ ಬಡಿ. ಮದ್ವೆ ಆದಾಗಿಂದ ನಾನು ಅದ್ರಲ್ಲೇ ಬಡಿಯೋದು!”